ಯಾರ್ಕಿನ ಬಿಳಿ ಬ್ರೆಡ್ಡು

ಲಂಡನ್ನಿಗೆ ಬಂದ ಪ್ರವಾಸಿಗರು ಸಾಮಾನ್ಯವಾಗಿ ಚಾರ್ಲಿವುಡ್‌ಗೆ ಹೋಗುವುದಿಲ್ಲ. ಬೇಕರ್ ಸ್ಟ್ರೀಟ್ ನಿಲ್ದಾಣದಲ್ಲಿ ಮೆಟ್ರೊಪಾಲಿಟನ್ ಲೈನಿನ ರೈಲು ಹತ್ತಿ ವಾಯವ್ಯಕ್ಕೆ ಮುಕ್ಕಾಲು ಗಂಟೆ ಕೂತರೆ ಸಿಗುವ, ಹರ್ಟ್‌ಫರ್ಡ್‌ಷೈರಿನ ಅಂಚಿನ ಊರು ಅದು. ಅರಮನೆಯಿಲ್ಲ, ಕೋಟೆಯಿಲ್ಲ, ನಿಂತು ಫೋಟೊ ತೆಗೆಸಿಕೊಳ್ಳಲು ದೊಡ್ಡ ಸೇತುವೆಯೂ ಇಲ್ಲ. ನಿಲ್ದಾಣದ ಆಚೆ ಒಂದಷ್ಟು ಅಂಗಡಿ, ಏರು ಹತ್ತಿದರೆ ಊರೊಟ್ಟಿನ ವಿಶಾಲ ಹುಲ್ಲುಗಾವಲು, ಅಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ವಯಸ್ಸಾದ ಗಂಡ ಹೆಂಡತಿ. “ಇಲ್ಲಿಗ್ಯಾಕಮ್ಮ ಬಂದ್ವಿ?” ಎಂದಳು ಮಗಳು. ಲೀಡ್ಸಿನಲ್ಲಿ ಕೆಲಸ ಮಾಡುವ ಅವಳು ರಜೆ ಹಾಕಿ ನನ್ನನ್ನು ಸುತ್ತಾಡಿಸುತ್ತಿದ್ದಳು. ಥೇಮ್ಸ್ ನದಿಯ ದೋಣಿ ಪಯಣ ಬಿಟ್ಟು ಇಲ್ಲಿಗೆ ಎಳೆದುಕೊಂಡು ಬಂದ ಸಿಟ್ಟು ಮುಖದಲ್ಲೇ ಇತ್ತು.

“ಬ್ರೆಡ್ಡು ನೋಡೋಕೆ” ಎಂದೆ.

ಬ್ರಿಟನ್ನಿನಲ್ಲಿ ಇವತ್ತು ತಯಾರಾಗುವ ಬ್ರೆಡ್ಡಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ಯಾವ ವಿಧಾನದಿಂದ ಆಗುತ್ತದೋ ಅದು ಹುಟ್ಟಿದ್ದು ಈ ಊರಿನಲ್ಲಿ. ಬೇಕರಿ ಉದ್ಯಮದವರ ಸಂಶೋಧನಾಲಯವೊಂದು ಇಲ್ಲಿತ್ತು. ಅಲ್ಲಿಯ ವಿಜ್ಞಾನಿಗಳು 1961ರಲ್ಲಿ ಹಿಟ್ಟು ಹುದುಗಲೆಂದು ಗಂಟೆಗಟ್ಟಲೆ ಕಾಯುವ ಕೆಲಸವನ್ನೇ ತೆಗೆದುಹಾಕಿದರು. ಒಂದು ಕಿಲೋ ಕಣಕಕ್ಕೆ ಸುಮಾರು 11 ವಾಟ್-ಅವರ್ ಶಕ್ತಿ ಇಳಿಯುವ ಹಾಗೆ ಬಿರುಸಾಗಿ ತಿರುಗುವ ಯಂತ್ರದಲ್ಲಿ ಎರಡರಿಂದ ಐದು ನಿಮಿಷ ಕಡೆಯುವುದು, ಜೊತೆಗೆ ಸ್ವಲ್ಪ ಸಿ ಜೀವಸತ್ವ, ಸ್ವಲ್ಪ ಗಟ್ಟಿ ಕೊಬ್ಬು, ಮಾಮೂಲಿಗಿಂತ ಹೆಚ್ಚು ಯೀಸ್ಟ್. ಹಿಟ್ಟು ಯಂತ್ರಕ್ಕೆ ಬಿದ್ದ ಮೂರೂವರೆ ಗಂಟೆಯಲ್ಲಿ ಬ್ರೆಡ್ಡು ಬೆಂದು, ಆರಿ, ಹೋಳಾಗಿ, ಪೊಟ್ಟಣ ಸೇರುತ್ತದೆ. ಇನ್ನೊಂದು ಲಾಭವೂ ಇತ್ತು. ಇಂಗ್ಲೆಂಡಿನ ಗೋಧಿ ಮೆತು ಜಾತಿಯದು, ಬ್ರೆಡ್ಡಿಗೆ ಬೇಕಾದ ಅಂಟು ಅದರಲ್ಲಿ ಕಡಿಮೆ. ಹಾಗಾಗಿ ಕೆನಡಾದಿಂದ ಹಡಗಿನಲ್ಲಿ ಗೋಧಿ ತರಿಸುತ್ತಿದ್ದರು. ಹೊಸ ವಿಧಾನದಲ್ಲಿ ಸ್ವದೇಶಿ ಗೋಧಿಯನ್ನೂ ಧಾರಾಳವಾಗಿ ಬಳಸಬಹುದಾಯಿತು.

ಆ ಸಂಶೋಧನಾಲಯ ಈಗ ಅಲ್ಲಿಲ್ಲ. ಮೈಸೂರಿನಲ್ಲಿ ಚೆಲುವಾಂಬ ಮಹಲಿನ ಸಿಎಫ್‌ಟಿಆರ್‌ಐ ಮುಂದೆ ವರ್ಷಗಟ್ಟಲೆ ಓಡಾಡಿದ ನನಗೆ ಆಹಾರ ಸಂಶೋಧನೆ ಎಂದರೆ ಒಂದು ಭವ್ಯ ಕಟ್ಟಡವೂ ಇರಬೇಕು ಅನ್ನಿಸುತ್ತದೆ. ಇಲ್ಲಿ ಒಂದು ದೇಶದ ಬೆಳಗಿನ ತಿಂಡಿಯನ್ನೇ ಬದಲಾಯಿಸಿದ ಜಾಗ ಹುಡುಕಿದರೂ ಸಿಗದು. ನಿಲ್ದಾಣದ ಬಳಿಯ ಅಂಗಡಿಗೆ ಹೋಗಿ, ಒಂದು ಪೌಂಡಿಗಿಂತ ಕಡಿಮೆ ಬೆಲೆಯ ಎಂಟುನೂರು ಗ್ರಾಮಿನ ಬಿಳಿ ಬ್ರೆಡ್ಡು ಕೊಂಡು, ಬೆಂಚಿನ ಮೇಲೆ ಕೂತು ಎರಡು ಹೋಳು ತಿಂದೆವು. ಮೆತ್ತಗಿತ್ತು. ಬೆರಳಿನಿಂದ ಒತ್ತಿದರೆ ಒಳಗಿಳಿದು ಮತ್ತೆ ಮೇಲೆ ಬಂತು. ರುಚಿ ಎನ್ನುವಂಥದ್ದೇನೂ ನಾಲಗೆಗೆ ತಾಕಲಿಲ್ಲ. “ಜ್ವರ ಬಂದಾಗ ಕೊಡೋ ಬ್ರೆಡ್ಡು” ಎಂದಳು ಮಗಳು.

ಅವಳ ಮಾತು ನಿಜ. ನಮ್ಮ ಕಡೆ ಬ್ರೆಡ್ಡಿಗೆ ಬಹಳ ಕಾಲ ಇದ್ದದ್ದು ಆಸ್ಪತ್ರೆಯ ಸಂಬಂಧ. ಜ್ವರ ಬಂದರೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು, ರೋಗಿಯನ್ನು ನೋಡಲು ಹೋಗುವಾಗ ಕೈಯಲ್ಲಿ ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ. ಹಾಸನದ ಕಡೆಯ ಅಯ್ಯಂಗಾರರು ಊರೂರಿಗೆ ಬೇಕರಿ ಹಬ್ಬಿಸಿದ ಮೇಲೆ ಅದು ಸಂಜೆಯ ತಿಂಡಿಯೂ ಆಯಿತು. 1965ರಲ್ಲಿ ಸರ್ಕಾರವೇ ಮಾಡರ್ನ್ ಬೇಕರೀಸ್ ಎಂಬ ಕಂಪನಿ ಕಟ್ಟಿ, ಮೇಣದ ಕಾಗದ ಸುತ್ತಿದ ಬ್ರೆಡ್ಡನ್ನು ನಗರಗಳಲ್ಲಿ ಹಂಚಿತು. ಆದರೂ ಅದು ಕೊಂಡು ತರುವ ಪದಾರ್ಥವೇ ಹೊರತು ಮನೆಯಲ್ಲಿ ಮಾಡುವುದಲ್ಲ. ಹಾಗಾದರೆ ಬ್ರೆಡ್ಡು ಉಂಡು ಬೆಳೆದವರು ಅದನ್ನು ಮನೆಯಲ್ಲಿ ಹೇಗೆ ಮಾಡುತ್ತಾರೆ, ಇಷ್ಟು ಅಗ್ಗದಲ್ಲಿ ಸಿಗುವಾಗ ಯಾಕಾದರೂ ಮಾಡುತ್ತಾರೆ ಎಂಬುದನ್ನು ನೋಡಬೇಕೆಂಬ ಆಸೆ ನನಗಿತ್ತು. ಮಗಳು ಯಾರ್ಕಿನಲ್ಲಿ ಗೊತ್ತುಮಾಡಿದ್ದ ತಂಗುಮನೆಯ ಒಡತಿ, ಬೆಳಗಿನ ಉಪಾಹಾರಕ್ಕೆ ತಾವೇ ಮಾಡಿದ ಬ್ರೆಡ್ಡು ಬಡಿಸುವವರೆಂದು ತಿಳಿದಿತ್ತು.

ಕಿಂಗ್ಸ್ ಕ್ರಾಸಿನಿಂದ ಯಾರ್ಕಿಗೆ ರೈಲಿನಲ್ಲಿ ಎರಡು ಗಂಟೆ. ಆಗಸ್ಟ್ ತಿಂಗಳು, ಕಿಟಕಿಯ ಆಚೆ ಗೋಧಿಯ ಕೊಯ್ಲು. ಒಂದೊಂದು ಹೊಲವೂ ನಮ್ಮ ಹಳ್ಳಿಯ ಒಟ್ಟು ಹಿಡುವಳಿಯಷ್ಟು ಅಗಲ, ಅದರಲ್ಲಿ ಒಂದೇ ಯಂತ್ರ, ಒಬ್ಬನೇ ಮನುಷ್ಯ.

ಯಾರ್ಕಿನಲ್ಲಿ ಎಲ್ಲರೂ ನೋಡುವುದನ್ನು ನಾವೂ ನೋಡಿದೆವು. ಊರ ಸುತ್ತಿನ ಹಳೆಯ ಕೋಟೆಗೋಡೆಯ ಮೇಲೆ ನಡೆದೆವು, ಮಿನ್‌ಸ್ಟರ್ ಚರ್ಚಿನ ಬಣ್ಣದ ಗಾಜುಗಳ ಕೆಳಗೆ ಕತ್ತು ನೋಯುವವರೆಗೆ ನಿಂತೆವು. ಕಿಟ್‌ಕ್ಯಾಟ್ ಹುಟ್ಟಿದ್ದು ಈ ಊರಿನಲ್ಲಿ, 1935ರಲ್ಲಿ, ರೌನ್‌ಟ್ರೀ ಎಂಬ ಕ್ವೇಕರ್ ಕುಟುಂಬದ ಕಾರ್ಖಾನೆಯಲ್ಲಿ ಎಂದಾಗ ಮಗಳ ಮುಖ ಅರಳಿತು. ನನಗೆ ಆ ಮನೆತನದಲ್ಲಿ ಆಸಕ್ತಿ ಬೇರೆ ಕಾರಣಕ್ಕೆ. ಸೀಬೋಮ್ ರೌನ್‌ಟ್ರೀ ಎಂಬಾತ 1899ರಲ್ಲಿ ಯಾರ್ಕಿನ ಕಾರ್ಮಿಕರ ಮನೆಮನೆಯ ಲೆಕ್ಕ ತೆಗೆಸಿ, 1901ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಊರಿನ 20,302 ಜನ, ಅಂದರೆ ನೂರಕ್ಕೆ ಸುಮಾರು 28 ಮಂದಿ ಬಡತನದಲ್ಲಿದ್ದಾರೆ ಎಂದು ಅದು ಹೇಳಿದಾಗ ದೇಶವೇ ಬೆಚ್ಚಿತು. ಆ ಮನೆಗಳವರು ದಿನಕ್ಕೆ ಏನೇನು ತಿಂದರು ಎಂಬ ಪಟ್ಟಿಗಳೂ ಅದರಲ್ಲಿವೆ. ಬೆಳಿಗ್ಗೆ ಬ್ರೆಡ್ಡು, ಚಹಾ. ಸಂಜೆ ಬ್ರೆಡ್ಡು, ಚಹಾ. ಸವರಲು ಕೆಲವು ದಿನ ಬೆಣ್ಣೆ, ಕೆಲವು ದಿನ ಮಾಂಸ ಹುರಿದಾಗ ಉಳಿದ ಕೊಬ್ಬು. ಪುಟ ತಿರುಗಿಸಿದರೂ ಊಟ ಬದಲಾಗುವುದಿಲ್ಲ.

ಊಸ್ ನದಿಯ ದಂಡೆಯ ನಾರ್ತ್ ಸ್ಟ್ರೀಟಿಗೂ ಹೋದೆವು. ಲಂಡನ್ನಿನ ಕಾಲರಾ ಕುಡಿಯುವ ನೀರಿನಿಂದ ಹಬ್ಬುತ್ತದೆ ಎಂದು ತೋರಿಸಿಕೊಟ್ಟ ವೈದ್ಯ ಜಾನ್ ಸ್ನೋ 1813ರಲ್ಲಿ ಹುಟ್ಟಿದ್ದು ಈ ಬೀದಿಯಲ್ಲಿ. ಕಾಲರಾದ ಕತೆ ಎಲ್ಲರಿಗೂ ಗೊತ್ತು, ಬ್ರೆಡ್ಡಿನ ಕತೆ ಅಷ್ಟಾಗಿ ಗೊತ್ತಿಲ್ಲ. ಬಿಳಿ ಬ್ರೆಡ್ಡಿಗೆ ಎಷ್ಟು ಬೇಡಿಕೆಯಿತ್ತೆಂದರೆ ಲಂಡನ್ನಿನ ಬೇಕರಿಯವರು ಕೀಳು ಹಿಟ್ಟನ್ನು ಬೆಳ್ಳಗೆ ಕಾಣಿಸಲು ಸ್ಫಟಿಕ ಬೆರೆಸುತ್ತಿದ್ದರು, ನಮ್ಮ ಕಡೆಯ ಗಂಡಸರು ಕ್ಷೌರವಾದ ಮೇಲೆ ಗಲ್ಲಕ್ಕೆ ಉಜ್ಜುತ್ತಿದ್ದ ಅದೇ ಸ್ಫಟಿಕ. ರಸಾಯನ ತಜ್ಞ ಫ್ರೆಡ್ರಿಕ್ ಆಕಮ್ 1820ರಲ್ಲೇ ಈ ಕಲಬೆರಕೆಯನ್ನು ಬಯಲಿಗೆಳೆದಿದ್ದ. ಲಂಡನ್ನಿನ ಮಕ್ಕಳ ಮೂಳೆ ಮೆದುವಾಗಿ ಕಾಲು ಸೊಟ್ಟಗಾಗಲು ಈ ಬ್ರೆಡ್ಡೇ ಕಾರಣ, ಸ್ಫಟಿಕವು ಹಿಟ್ಟಿನ ರಂಜಕವನ್ನು ದೇಹಕ್ಕೆ ಸಿಗದಂತೆ ಕಟ್ಟಿಹಾಕುತ್ತದೆ ಎಂದು ಸ್ನೋ 1857ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಾದಿಸಿದ. ಮನೆಯಲ್ಲೇ ಬ್ರೆಡ್ಡು ಮಾಡಿಕೊಳ್ಳುವ ಉತ್ತರದ ಸೀಮೆಯಲ್ಲಿ ಈ ರೋಗ ಕಡಿಮೆ ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಮುಖ್ಯ ಕಾರಣ ಬಿಸಿಲು ಕಾಣದ ಬದುಕು, ಡಿ ಜೀವಸತ್ವದ ಕೊರತೆ ಎಂದು ತಿಳಿದದ್ದು ಆಮೇಲೆ. ಆದರೂ ಯಾರ್ಕಿನ ಹುಡುಗನಿಗೆ ಮನೆಯ ಬ್ರೆಡ್ಡು ಯಾವುದು, ಅಂಗಡಿಯ ಬ್ರೆಡ್ಡು ಯಾವುದು ಎಂಬ ವ್ಯತ್ಯಾಸ ಹೊಳೆದದ್ದು ಸಹಜ.

ನಮ್ಮ ತಂಗುಮನೆ ಇದ್ದದ್ದು ಹೋಲ್‌ಗೇಟ್ ಬಡಾವಣೆಯಲ್ಲಿ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಮನೆಗಳ ಸಾಲು, ಮೊದಲು ರೈಲ್ವೆ ಕಾರ್ಮಿಕರದು. ಆ ಮನೆಗಳ ನಡುವೆ ಒಂದು ವೃತ್ತ, ವೃತ್ತದ ಮಧ್ಯೆ ಐದು ರೆಕ್ಕೆಯ ಗಾಳಿಗಿರಣಿ! 1770ರಲ್ಲಿ ಕಟ್ಟಿದ್ದು. ಆಗ ಸುತ್ತಲೂ ಹೊಲಗಳಿದ್ದವು. 1930ರ ದಶಕದಲ್ಲಿ ಬೀಸುವುದು ನಿಂತು, ಊರು ಬೆಳೆದು ಅದನ್ನು ಸುತ್ತುವರಿಯಿತು. ಬಡಾವಣೆಯ ಜನ 2001ರಲ್ಲಿ ಸಂಘ ಕಟ್ಟಿಕೊಂಡು ದುರಸ್ತಿಗೆ ಇಳಿದರು. 2012ರಲ್ಲಿ ಗಿರಣಿ ಮತ್ತೆ ತಿರುಗಿತು. ನಾವು ಹೋದ ದಿನ ಬಾಗಿಲು ತೆರೆದಿತ್ತು. ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡ ಸ್ವಯಂಸೇವಕರೊಬ್ಬರು ಕಡಿದಾದ ಮರದ ಏಣಿಯಲ್ಲಿ ಒಂದೊಂದೇ ಅಂತಸ್ತು ಹತ್ತಿಸಿದರು. ಮೇಲಿನಿಂದ ಗೋಧಿ ಇಳಿದು ಬೀಸುಗಲ್ಲಿನ ಕಣ್ಣಿಗೆ ಬೀಳುತ್ತದೆ, ಅಂಚಿನಿಂದ ಹಿಟ್ಟು ಹೊರಬಂದು ಕೊಳವೆಯಲ್ಲಿ ಕೆಳಗಿನ ಚೀಲಕ್ಕೆ ಇಳಿಯುತ್ತದೆ. ಕೈಯೊಡ್ಡಿದೆ. ಬೆಚ್ಚಗಿತ್ತು, ಕಂದು ಬಣ್ಣ, ನಡುನಡುವೆ ಬೂಸಾದ ಚೂರುಗಳು.

“ಇದರಿಂದ ಬಿಳಿ ಹಿಟ್ಟು ಮಾಡುತ್ತಿದ್ದುದು ಹೇಗೆ?” ಎಂದೆ.

“ಬಟ್ಟೆಯಲ್ಲಿ ಸೋಸಿ. ರೇಷ್ಮೆ ಬಟ್ಟೆಯಾದರೆ ಇನ್ನೂ ನಯ. ಹಾಗೆ ಸೋಸಿದ್ದು ದೊಡ್ಡವರ ಮನೆಗೆ ಹೋಗುತ್ತಿತ್ತು. ನಮ್ಮಂಥವರಿಗೆ ಇದು” ಎಂದು ಕಂದು ಹಿಟ್ಟನ್ನು ತೋರಿಸಿದರು.

1880ರ ದಶಕದಲ್ಲಿ ಉಕ್ಕಿನ ಉರುಳೆಗಳ ಗಿರಣಿಗಳು ಇಂಗ್ಲೆಂಡಿಗೆ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಉರುಳೆಗಳು ಕಾಳನ್ನು ಬಿಡಿಸಿ ಬೂಸಾ ಬೇರೆ, ಮೊಳಕೆ ಬೇರೆ, ನಡುವಿನ ಬಿಳಿ ಪಿಷ್ಟ ಬೇರೆ ಮಾಡುತ್ತವೆ. ಎಣ್ಣೆಯಂಶದ ಮೊಳಕೆ ಹೋದದ್ದರಿಂದ ಹಿಟ್ಟು ತಿಂಗಳುಗಟ್ಟಲೆ ಕಮಟುವುದಿಲ್ಲ. ನೂರು ಕಿಲೋ ಗೋಧಿಗೆ ಮುಕ್ಕಾಲು ಪಾಲಿನಷ್ಟು ಬಿಳಿ ಹಿಟ್ಟು. ಶತಮಾನಗಳ ಕಾಲ ದೊಡ್ಡಮನೆಯ ಕಿಟಕಿಯಲ್ಲಷ್ಟೇ ಕಂಡಿದ್ದ ಬಿಳಿ ಬ್ರೆಡ್ಡು ಒಂದೇ ತಲೆಮಾರಿನಲ್ಲಿ ರೈಲ್ವೆ ಕೂಲಿಯ ಮೇಜಿಗೂ ಬಂತು. ರೌನ್‌ಟ್ರೀಯ ಪಟ್ಟಿಯಲ್ಲಿರುವ ಬ್ರೆಡ್ಡನ್ನು ಹೀಗೆ ಓದಿಕೊಂಡರೆ ಅದರಲ್ಲಿ ಬಡತನದ ಜೊತೆಗೆ ಒಂದು ಗೆಲುವೂ ಕಾಣುತ್ತದೆ.

ತಂಗುಮನೆಯ ಒಡತಿ ಹುಟ್ಟಿದ್ದು 1945ರಲ್ಲಿ, ಅದೇ ಬೀದಿಯಲ್ಲಿ. ತಂದೆ ಇಲ್ಲಿಯ ರೈಲು ಬೋಗಿ ಕಾರ್ಖಾನೆಯಲ್ಲಿ ಬಡಗಿ. ಯಾರ್ಕ್‌ಷೈರಿನ ವಾಡಿಕೆಯಂತೆ ಗುರುತಿಲ್ಲದವರನ್ನೂ ‘ಲವ್’ ಎಂದೇ ಕರೆಯುತ್ತಾರೆ. ಬ್ರೆಡ್ಡು ಮಾಡುವುದನ್ನು ನೋಡಬಹುದೇ ಎಂದು ಕೇಳಿದ್ದಕ್ಕೆ, “ನೋಡೋದಲ್ಲ ಲವ್, ತೋಳು ಮಡಚಿಕೊಂಡು ಬನ್ನಿ” ಎಂದರು.

ಅಡುಗೆಮನೆ ಹಿತ್ತಲ ಕಡೆ. ಮೇಜಿನ ಮೇಲೆ ಅವರ ತಾಯಿಯ ಕಾಲದ ಪ್ಯಾಂಚನ್, ಅಂದರೆ ಹಿಟ್ಟು ಕಲಸುವ ದೊಡ್ಡ ಮಣ್ಣಿನ ಬೋಗುಣಿ. ಬಾಯಿ ಅಗಲ, ತಳ ಕಿರಿದು, ಹೊರಗೆ ಕೆಂಪು ಮಣ್ಣು, ಒಳಗೆ ಕೆನೆಬಣ್ಣದ ಮೆರುಗು, ಅಂಚಿನಲ್ಲಿ ಒಂದು ಕಡೆ ಚಕ್ಕೆ ಹೋಗಿದೆ. ಅದಕ್ಕೆ ಅರ್ಧ ಕಿಲೋ ‘ಸ್ಟ್ರಾಂಗ್ ವೈಟ್’ ಹಿಟ್ಟು ಸುರಿದರು. ಬ್ರೆಡ್ಡಿಗೆಂದೇ ಮಾರುವ, ಪ್ರೋಟೀನು ನೂರಕ್ಕೆ ಹನ್ನೆರಡು ಹದಿಮೂರು ಪಾಲಿರುವ ಹಿಟ್ಟು ಅದು. ಇಲ್ಲಿ ಹಿಟ್ಟಿಗೆ ಬಿಳುಪು ಬರಿಸುವ ರಾಸಾಯನಿಕ ಹಾಕುವಂತಿಲ್ಲ, ಹಾಗಾಗಿ ನಮ್ಮ ಕೆಲವು ಮೈದಾಗಳಂತೆ ಸುಣ್ಣದ ಬಿಳುಪಿಲ್ಲ, ಕೆನೆಯ ಛಾಯೆಯಿದೆ. ಏಳು ಗ್ರಾಮಿನ ಒಣ ಯೀಸ್ಟಿನ ಒಂದು ಪೊಟ್ಟಣ, ಎರಡು ಚಮಚ ಉಪ್ಪು, ನೆಲ್ಲಿಕಾಯಿ ಗಾತ್ರದ ಬೆಣ್ಣೆ. ತಾಯಿ ಹಾಕುತ್ತಿದ್ದುದು ಹಂದಿಯ ಕೊಬ್ಬು. ಅತಿಥಿಗಳಲ್ಲಿ ಹಲವರು ಒಲ್ಲೆ ಎನ್ನತೊಡಗಿದ ಮೇಲೆ ಇವರು ಬೆಣ್ಣೆಗೆ ಬದಲಾಯಿಸಿದರಂತೆ. ಮುನ್ನೂರು ಮಿಲಿಗಿಂತ ತುಸು ಹೆಚ್ಚು ಉಗುರುಬೆಚ್ಚಗಿನ ನೀರು. ಅಳತೆಪಾತ್ರೆಯಲ್ಲಿ ಒಂದಿಷ್ಟು ನೀರು ಉಳಿಸಿಕೊಂಡು, ಹಿಟ್ಟು ಕೇಳಿದ ಮೇಲೆ ಅದನ್ನೂ ಚಿಮುಕಿಸಿದರು.

ನಾದುವ ಸರದಿ ನನ್ನದು. ಚಪಾತಿ ಹಿಟ್ಟಿಗೆ ಪಳಗಿದ ಕೈ ಕಣಕವನ್ನು ಒತ್ತಿ ಒತ್ತಿ ಮಡಚುತ್ತಿತ್ತು. ಅವರು ಪಕ್ಕಕ್ಕೆ ಬಂದು, ಅಂಗೈಯ ಬುಡದಿಂದ ದೂರ ತಳ್ಳಿ, ಎಳೆದು, ಮಡಚಿ, ಕಾಲು ಸುತ್ತು ತಿರುಗಿಸಿ ಮತ್ತೆ ತಳ್ಳುವುದನ್ನು ತೋರಿಸಿದರು. ಇಲ್ಲಿ ಬೇಕಾದದ್ದು ಎಳೆತ. ಗೋಧಿಯ ಎರಡು ಪ್ರೋಟೀನುಗಳು ನೀರು ಸೋಕಿ, ಎಳೆದಾಟಕ್ಕೆ ಸಿಕ್ಕು, ಒಂದರೊಳಗೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಜಾಲವಾಗುತ್ತವೆ. ಯೀಸ್ಟು ಬಿಡುವ ಇಂಗಾಲದ ಡೈಆಕ್ಸೈಡ್ ಆ ಜಾಲದಲ್ಲಿ ಸಿಕ್ಕಿಕೊಂಡರೆ ಬ್ರೆಡ್ಡು. ಜಾಲ ಹರಿದರೆ ಗಾಳಿ ಹೋಗಿ ದಿಂಡು ಕೂರುತ್ತದೆ. ಮೊದಲು ಬೆರಳಿಗೆ, ಮೇಜಿಗೆ, ಬಳೆಗೆ ಅಂಟುತ್ತಿದ್ದ ಕಣಕ ಹತ್ತು ನಿಮಿಷದ ಹೊತ್ತಿಗೆ ಮೇಜು ಬಿಟ್ಟು ತನ್ನಷ್ಟಕ್ಕೆ ತಾನು ಒಂದಾಯಿತು. ಅವರು ಒಂದು ಚೂರು ಕಿತ್ತು, ಎರಡೂ ಕೈಯ ಬೆರಳುಗಳಲ್ಲಿ ಹಿಗ್ಗಿಸಿ ಕಿಟಕಿಗೆ ಹಿಡಿದರು. ಹರಿಯಲಿಲ್ಲ. ಅದರ ಮೂಲಕ ಹಿತ್ತಲಿನ ಬೆಳಕು ಕಂಡಿತು. “ಸಾಕು” ಎಂದರು.

ಪ್ಯಾಂಚನ್ನಿಗೆ ಒದ್ದೆ ಬಟ್ಟೆ ಮುಚ್ಚಿ, ಬಿಸಿನೀರಿನ ಟ್ಯಾಂಕು ಇರುವ ಕಪಾಟಿನೊಳಗೆ, ಮಡಚಿಟ್ಟ ದಿಂಬಿನ ಹೊದಿಕೆಗಳ ಪಕ್ಕದಲ್ಲಿ ಇಟ್ಟರು. ಇನ್ನು ಒಂದು ಗಂಟೆ ಚಹಾ, ಮಾತು.

“ನಮ್ಮಮ್ಮ ವಾರಕ್ಕೆ ಒಂದು ಸ್ಟೋನ್ ಹಿಟ್ಟು ನಾದುತ್ತಿದ್ದಳು” ಎಂದರು. ಒಂದು ಸ್ಟೋನ್ ಎಂದರೆ ಹದಿನಾಲ್ಕು ಪೌಂಡು, ಆರು ಕಿಲೋಗೂ ಮೇಲೆ. ಅರ್ಧ ಕಿಲೋ ನಾದಿದ ನನ್ನ ಹೆಗಲು ಆಗಲೇ ಬಿಗಿದಿತ್ತು. ಇಂಗ್ಲೆಂಡಿನ ಎಲ್ಲ ಕಡೆ ಹೀಗಿರಲಿಲ್ಲ. ದಕ್ಷಿಣದ ಹಳ್ಳಿಗಳಲ್ಲಿ ಊರೊಟ್ಟಿನ ಭೂಮಿಗೆಲ್ಲ ಬೇಲಿ ಬಿದ್ದು ಸೌದೆ ಸಿಗದಾದಾಗ ಬಡವರ ಮನೆಯ ಒಲೆ ಆರಿತು, ಬ್ರೆಡ್ಡು ಅಂಗಡಿಯಿಂದ ಬರತೊಡಗಿತು. ವಿಲಿಯಂ ಕಾಬೆಟ್ ಎಂಬ ಪತ್ರಕರ್ತ 1821-22ರಲ್ಲಿ ‘ಕಾಟೇಜ್ ಇಕಾನಮಿ’ ಬರೆದು, ಮನೆಯಲ್ಲಿ ಬ್ರೆಡ್ಡು ಸುಡದೆ ಕೊಂಡು ತಿನ್ನುವ, ಚಹಾ ಕುಡಿಯುವ ಕೂಲಿಕಾರರನ್ನು ತರಾಟೆಗೆ ತೆಗೆದುಕೊಂಡ. ಸೌದೆಯೇ ಇಲ್ಲದವರಿಗೆ ಈ ಉಪದೇಶದಿಂದ ಏನು ಪ್ರಯೋಜನ? ಉತ್ತರದಲ್ಲಿ ಕಲ್ಲಿದ್ದಲು ಅಗ್ಗ. ಚಳಿ ಕಾಯಿಸುವ ಬೆಂಕಿಯ ಪಕ್ಕದಲ್ಲೇ ಕಬ್ಬಿಣದ ಒಲೆಗೂಡು ಇರುವ ‘ಯಾರ್ಕ್‌ಷೈರ್ ರೇಂಜ್’ ಕಾರ್ಮಿಕರ ಮನೆಗಳಲ್ಲೂ ಇತ್ತು. ಹಾಗಾಗಿ ಈ ಸೀಮೆಯ ಹೆಂಗಸರು ಇಪ್ಪತ್ತನೇ ಶತಮಾನದವರೆಗೂ ಬ್ರೆಡ್ಡು ಮಾಡುವುದನ್ನು ಬಿಡಲಿಲ್ಲ.

ಆಮೇಲೆ ಯುದ್ಧದ ಮಾತು ಬಂತು. 1942ರಲ್ಲಿ ಸರ್ಕಾರ ಬಿಳಿ ಬ್ರೆಡ್ಡನ್ನು ನಿಷೇಧಿಸಿತು. ಹಡಗಿನ ಜಾಗ ಉಳಿಸಲು ಗೋಧಿಯ ನೂರಕ್ಕೆ ಎಂಬತ್ತೈದು ಪಾಲನ್ನು ಹಿಟ್ಟಿಗೆ ಸೇರಿಸಿ, ಬೂದು ಬಣ್ಣದ ‘ನ್ಯಾಷನಲ್ ಲೋಫ್’ ತಂದಿತು. ಪುಷ್ಟಿಯಲ್ಲಿ ಅದು ಬಿಳಿಗಿಂತ ಮೇಲು. ಜನ ಮಾತ್ರ ಅದಕ್ಕೆ ‘ಹಿಟ್ಲರನ ಗುಪ್ತಾಸ್ತ್ರ’ ಎಂದು ಹೆಸರಿಟ್ಟರು. ಯುದ್ಧ ಮುಗಿದ ಮೇಲೆ ಕಾಟ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಯುದ್ಧಕಾಲದಲ್ಲಿ ಇಲ್ಲದಿದ್ದ ಬ್ರೆಡ್ಡಿನ ಪಡಿತರ 1946ರ ಜುಲೈಯಿಂದ ಎರಡು ವರ್ಷ ಇತ್ತು. ಬಿಳಿ ಹಿಟ್ಟಿಗೆ ಮತ್ತೆ ಅಪ್ಪಣೆ ಸಿಕ್ಕಿದ್ದು 1953ರಲ್ಲಿ, ನ್ಯಾಷನಲ್ ಲೋಫ್ ಕೊನೆಯಾದದ್ದು 1956ರಲ್ಲಿ.

“ಕ್ರಿಸ್‌ಮಸ್ ಹಿಂದಿನ ರಾತ್ರಿ ಅಮ್ಮ ಹಿತ್ತಲ ಪರದೆ ಎಳೆದಳು” ಎಂದರು ಅವರು, ಕಪ್ಪು ಕೆಳಗಿಟ್ಟು. “ನನಗೆ ಏಳು ವರ್ಷವಿರಬೇಕು. ನ್ಯಾಷನಲ್ ಹಿಟ್ಟನ್ನು ಮಸ್ಲಿನ್ ಬಟ್ಟೆಯಲ್ಲಿ 

ಹಾಕಿ ಇದೇ ಬೋಗುಣಿಯ ಮೇಲೆ ಸೋಸಿದಳು. ಬೂದಿಯಂಥ ಹಿಟ್ಟು ಬಟ್ಟೆಯ ಮೇಲೆ, ಬಿಳಿಯದು ಕೆಳಗೆ. ಪೊಲೀಸರಿಗೆ ಹೇಳಬೇಡ ಅಂದಳು. ಆಹಾರ ಹಾಳು ಮಾಡೋದು ಆಗ ಅಪರಾಧ. ಮಾರನೇ ದಿನ ಮೇಜಿನ ಮೇಲೆ ಒಂದು ಬಿಳಿ ಬ್ರೆಡ್ಡು. ಅಪ್ಪ ಅದನ್ನು ಕತ್ತರಿಸದೆ ಸುಮ್ಮನೆ ನೋಡುತ್ತಾ ಕೂತಿದ್ದ.”

“ಬಟ್ಟೆಯ ಮೇಲೆ ಉಳಿದದ್ದು?”

“ಕೋಳಿಗೆ.”

ಕಪಾಟು ತೆರೆದಾಗ ಕಣಕ ಎರಡರಷ್ಟಾಗಿ ಒದ್ದೆ ಬಟ್ಟೆಯನ್ನು ಮೇಲೆತ್ತಿತ್ತು. ಮುಷ್ಟಿಯಿಂದ ಒತ್ತಿ ಗಾಳಿ ಇಳಿಸಿ, ಒಂದು ಉಂಡೆ ಕಿತ್ತು ಪಕ್ಕಕ್ಕಿಟ್ಟರು. ಮಿಕ್ಕದ್ದನ್ನು ಚಪ್ಪಟೆ ಮಾಡಿ, ಬಿಗಿಯಾಗಿ ಸುರುಳಿ ಸುತ್ತಿ, ಅಂಚನ್ನು ಅಡಿಗೆ ಮಾಡಿ ಎರಡು ಪೌಂಡಿನ ತಗಡಿನ ಅಚ್ಚಿಗೆ ಇಳಿಸಿದರು. ಕಪ್ಪಾದ ಅಚ್ಚು ಅದು. ಅದಕ್ಕೆ ಸೋಪು ನೀರು ತಾಗಿಸುವುದಿಲ್ಲ, ಬಟ್ಟೆಯಲ್ಲಿ ಒರೆಸುವುದಷ್ಟೇ. ಮುಕ್ಕಾಲು ಗಂಟೆಯಲ್ಲಿ ಕಣಕ ಅಚ್ಚಿನ ಅಂಚು ಮೀರಿ ಗುಮ್ಮಟವಾಯಿತು. 220 ಡಿಗ್ರಿಗೆ ಕಾದ ಓವನ್ನಿಗೆ ಹೋಯಿತು. ಮೊದಲ ಹತ್ತು ನಿಮಿಷ ಗಾಜಿನ ಬಾಗಿಲಿನ ಮುಂದೆ ನಾನೂ ಮಗಳೂ ನೆಲದ ಮೇಲೆ ಕೂತೆವು. ಶಾಖಕ್ಕೆ ಒಳಗಿನ ಅನಿಲ ಹಿಗ್ಗುತ್ತದೆ, ಯೀಸ್ಟು ಸಾಯುವ ಮುಂಚೆ ಕೊನೆಯ ಬಾರಿ ಜೋರಾಗಿ ಕೆಲಸ ಮಾಡುತ್ತದೆ, ಬ್ರೆಡ್ಡು ಕಣ್ಣೆದುರೇ ಏರುತ್ತದೆ. ಅರವತ್ತು ಡಿಗ್ರಿಯ ಹೊತ್ತಿಗೆ ಯೀಸ್ಟಿನ ಆಟ ಮುಗಿದು ಪಿಷ್ಟ ಗಟ್ಟಿಯಾಗತೊಡಗುತ್ತದೆ. ಆಮೇಲಿನದು ಹೊರಮೈ ಕೆಂಪಗಾಗುವ ಕೆಲಸ.

ಅದು ಬೇಯುತ್ತಿದ್ದಾಗ ಮಗಳು ಕೇಳಿಯೇ ಬಿಟ್ಟಳು: “ಹೋಲ್‌ಮೀಲ್ ಬ್ರೆಡ್ಡು ಆರೋಗ್ಯಕ್ಕೆ ಒಳ್ಳೇದಲ್ವಾ? ಅದನ್ನ ಮಾಡಲ್ವಾ ನೀವು?”

“ಒಳ್ಳೇದು ಲವ್. ಎಲ್ಲರೂ ಹೇಳ್ತಾರೆ. ನಾನು ಹುಟ್ಟೋಕೆ ಮುಂಚಿಂದ ಹೇಳ್ತಾನೇ ಇದ್ದಾರೆ” ಎಂದು ಅವರು ಓವನ್ನಿನ ಕಡೆ ತಿರುಗಿದರು.

ಹೌದು, ಹೇಳುತ್ತಲೇ ಇದ್ದಾರೆ. ಬಿಳಿ ಬ್ರೆಡ್ಡು ಬಡವರಿಗೆ ಎಟುಕಿದ ಸರಿಸುಮಾರು ಅದೇ ಹೊತ್ತಿಗೆ ಲಂಡನ್ನಿನ ವೈದ್ಯ ಥಾಮಸ್ ಆಲಿನ್ಸನ್ ಬೂಸಾ ಸಮೇತದ ಬ್ರೆಡ್ಡಿನ ಪ್ರಚಾರಕ್ಕೆ ಇಳಿದಿದ್ದ. ಔಷಧಗಳ ಮೇಲೆ ಹರಿಹಾಯ್ದ ಈತನ ಹೆಸರನ್ನು 1892ರಲ್ಲಿ ವೈದ್ಯರ ಪಟ್ಟಿಯಿಂದಲೇ ಹೊಡೆದು ಹಾಕಿದರು. ಅವನನ್ನು ಸಸ್ಯಾಹಾರಿ ಸಂಘದಿಂದ ಹೊರಹಾಕುವ ಮಾತು ಬಂದಾಗ ವಿರೋಧಿಸಿದವರಲ್ಲಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿಯೂ ಒಬ್ಬ. ಮುಂದೆ ಜೊಹಾನ್ಸ್‌ಬರ್ಗಿನ ಮನೆಗೆ ಗಾಂಧಿ ಏಳು ಪೌಂಡು ಕೊಟ್ಟು ಕೈಗಿರಣಿ ತರಿಸಿ, ಗೆಳೆಯ ಪೋಲಕ್ ಮತ್ತು ಮಕ್ಕಳನ್ನು ಜೊತೆ ಮಾಡಿಕೊಂಡು ಗೋಧಿ ಬೀಸಿ, ಯೀಸ್ಟಿಲ್ಲದ ಕಂದು ಬ್ರೆಡ್ಡನ್ನು ಮನೆಯಲ್ಲೇ ಮಾಡಿಸಿದರು. ಗಾಂಧಿ ಉಪದೇಶಕ್ಕೆ ಮುಂಚೆ ತಾವೇ ಬೀಸಿದರು ಎಂಬುದು ದೊಡ್ಡ ಮಾತು. ಎಲ್ಲ ಉಪದೇಶಕರೂ ಹಾಗಿರಲಿಲ್ಲ. ಗಣಿ ಊರುಗಳಲ್ಲಿ ಸುತ್ತಾಡಿದ ಜಾರ್ಜ್ ಆರ್ವೆಲ್ 1937ರ ತನ್ನ ಪುಸ್ತಕದಲ್ಲಿ ಇದನ್ನು ಸರಿಯಾಗಿ ಹಿಡಿದಿದ್ದಾನೆ. ಕೈಯಲ್ಲಿ ಕಾಸಿಲ್ಲದ, ಕೆಲಸವಿಲ್ಲದ ಮನುಷ್ಯನಿಗೆ ಪೌಷ್ಟಿಕವಾದ ಸಪ್ಪೆ ಊಟ ಬೇಡ, ಬಾಯಿಗೆ ಹಿತವಾದದ್ದು ಬೇಕು ಎಂಬುದು ಅವನ ಮಾತಿನ ಸಾರ.

ಇದು ನಮಗೆ ಹೊಸ ಜಗಳವೇನಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯೂ ರಾಗಿಯೂ ತಾನು ಮೇಲೆಂದು ಹೊಡೆದಾಡುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ, ಅಕ್ಕಿ ಸೊರಗುತ್ತದೆ, ರಾಗಿ ಗೆಲ್ಲುತ್ತದೆ. ಕಾವ್ಯದಲ್ಲಿ ರಾಗಿ ಗೆದ್ದರೂ ಹಳ್ಳಿಯಲ್ಲಿ ಅಕ್ಕಿಯ ಮೇಲಿನ ಆಸೆ ಹೋಗಲಿಲ್ಲ. ನಮ್ಮವ್ವ ಹುಟ್ಟಿ ಬೆಳೆದದ್ದು ಅರಸೀಕೆರೆಯ ಕಡೆಯ ಮಳೆ ಕಮ್ಮಿಯ ಊರಿನಲ್ಲಿ. ಅಲ್ಲಿ ಎರಡು ಹೊತ್ತೂ ಮುದ್ದೆ, ಅನ್ನ ಎಂದರೆ ಹಬ್ಬ ಅಥವಾ ನೆಂಟರು. ಈಗ ಎಂಬತ್ತು ದಾಟಿದ ಅವ್ವನಿಗೆ ಮೈಸೂರಿನ ಡಾಕ್ಟರು, “ಅನ್ನ ಬಿಡಿ ಅಜ್ಜಿ, ಮುದ್ದೆ ತಿನ್ನಿ” ಎಂದರೆ, “ಅದನ್ನೇ ತಿಂದು ಅರವತ್ತು ವರ್ಷ ಗೇದಿದ್ದೀನಿ, ಇನ್ನಾದ್ರೂ ಅನ್ನ ಉಣ್ಣಾಕೆ ಬಿಡಪ್ಪ” ಎಂದು ಬಂದಳು. ಸರ್ಕಾರ ಬಡವರಿಗೆ ಅಕ್ಕಿ ಕೊಡತೊಡಗಿದಾಗ, ಜನ ಸೋಮಾರಿಗಳಾಗುತ್ತಾರೆ, ರಾಗಿ ಬೆಳೆ ಕೆಡುತ್ತದೆ ಎಂದು ಲೊಚಗುಟ್ಟಿದವರು ಮೂರು ಹೊತ್ತೂ ಅನ್ನ ಉಂಡೇ ಬೆಳೆದವರು. ಇವತ್ತು ರಾಗಿ ಬಿಸ್ಕತ್ತಿಗೆ ಎಲ್ಲರಿಗಿಂತ ಮೊದಲು ಕೈ ಚಾಚುವವರೂ ಅವರೇ, ಲೀಡ್ಸಿನಲ್ಲಿ ನಾಲ್ಕೈದು ಪೌಂಡಿನ ಹುಳಿಹಿಟ್ಟಿನ ಕಂದು ಬ್ರೆಡ್ಡು ಕೊಳ್ಳುವ ನನ್ನ ಮಗಳೂ ಅದೇ ಸಾಲಿನವಳು. ವೈದ್ಯರ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಬಿಳಿ ಹಿಟ್ಟಿಗೆ ಸುಣ್ಣ, ಕಬ್ಬಿಣ, ಎರಡು ಬಿ ಜೀವಸತ್ವ ಬೆರೆಸಲೇಬೇಕೆಂದು ಬ್ರಿಟನ್ನಿನ ಕಾಯಿದೆಯೇ ಹೇಳುತ್ತದೆ, ಕಾಳಿನಿಂದ ಕಳೆದದ್ದು ಕಡಿಮೆಯೇನಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಬಿಳಿಯದನ್ನು ತಿಂದು ದಣಿದವರು ಕಂದು ಬಣ್ಣಕ್ಕೆ ಮರಳುವುದು ಬೇರೆ, ಅದು ಇನ್ನೂ ಬಾಯಿಗೆ ಬೀಳದವರಿಗೆ ಬೇಡ ಎನ್ನುವುದು ಬೇರೆ. ಪರದೆ ಎಳೆದುಕೊಂಡು ಹಿಟ್ಟು ಸೋಸಿದ ಹೆಂಗಸಿಗೆ ಪೌಷ್ಟಿಕತೆಯ ಪಾಠ ಗೊತ್ತಿರಲಿಲ್ಲ ಎಂದುಕೊಂಡರೆ ಅವಳಿಗೆ ಅನ್ಯಾಯ. ಆ ಪಾಠವನ್ನು ಸರ್ಕಾರ ವರ್ಷಗಟ್ಟಲೆ ಅವಳಿಗೆ ತಿನ್ನಿಸಿತ್ತು. ವರ್ಷಕ್ಕೆ ಒಂದು ದಿನ ಅವಳು ಬೇರೆಯದನ್ನು ಆರಿಸಿಕೊಂಡಳು.

ಅರ್ಧ ಗಂಟೆಯಾಯಿತು. ಅಚ್ಚಿನಿಂದ ಕಳಚಿ, ಬ್ರೆಡ್ಡನ್ನು ತಲೆಕೆಳಗು ಮಾಡಿ, ಗೆಣ್ಣಿನಿಂದ ತಳಕ್ಕೆ ತಟ್ಟಿದರು. ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದು ಲೆಕ್ಕ. ತಂತಿಯ ಜಾಲರಿಯ ಮೇಲಿಟ್ಟ ಕೂಡಲೇ ಅದು ಚಿಟಿಚಿಟಿ ಅನ್ನತೊಡಗಿತು. ಹೊರಗಿನ ತಂಪಿಗೆ ಗಟ್ಟಿ ಹೊರಮೈ ಕುಗ್ಗಿ ಸಣ್ಣಗೆ ಬಿರಿಯುವ ಸದ್ದು ಅದು. ಕಿವಿ ಹತ್ತಿರ ಒಯ್ದರೆ ಇಡೀ ಬ್ರೆಡ್ಡಿನ ಮೇಲೆ ಓಡಾಡುವುದು ಕೇಳಿಸುತ್ತಿತ್ತು. ಬಿಸಿಯಲ್ಲೇ ಕೊಯ್ದರೆ ಒಳಗಿನ ಪಿಷ್ಟ ಇನ್ನೂ ನೆಲೆಗೊಂಡಿರದೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ, ಒಂದು ಗಂಟೆ ತಡೆಯಬೇಕು. ಆ ತಡೆಯಲಾರದ ಗಂಟೆಗೆಂದೇ ಯಾರ್ಕ್‌ಷೈರಿನ ತಾಯಂದಿರು ಉಪಾಯ ಕಂಡುಕೊಂಡಿದ್ದರು. ಪಕ್ಕಕ್ಕಿಟ್ಟಿದ್ದ ಉಂಡೆಯನ್ನು ತಟ್ಟಿ ಒಲೆಗೂಡಿನ ತಳದಲ್ಲೇ ಸುಟ್ಟ ‘ಓವನ್ ಬಾಟಮ್ ಕೇಕ್’. ಹೆಸರಿಗೆ ಕೇಕು, ತಿನ್ನಲು ರೊಟ್ಟಿ. ಅದನ್ನು ಕೈಯಲ್ಲೇ ಹರಿದು ಬೆಣ್ಣೆ ತುಂಬಿ ಕೊಟ್ಟರು. ಬೆಣ್ಣೆ ಮೊಣಕೈವರೆಗೆ ಇಳಿಯಿತು.

ಆಮೇಲೆ ಕೊಯ್ದ ಬ್ರೆಡ್ಡಿನ ಹೋಳು ಚಾರ್ಲಿವುಡ್ಡಿನ ಬೆಂಚಿನ ಮೇಲೆ ತಿಂದದ್ದರ ಜಾತಿಯದಲ್ಲ. ಬಣ್ಣ ಹೆಚ್ಚುಕಡಿಮೆ ಅದೇ. ಇದಕ್ಕೆ ಮಾತ್ರ ಅಗಿಯಲು ಏನೋ ಇತ್ತು, ಗೋಧಿಯ ಸಿಹಿ ನಿಧಾನವಾಗಿ ಬರುತ್ತಿತ್ತು, ಕೆಂಪಾದ ಅಂಚಿನಲ್ಲಿ ಹುರಿದ ಕಾಳಿನ ಘಮ. ಬಣ್ಣದ ವಿಚಾರದಲ್ಲಿ ಜಗಳಾಡುವವರು ಮರೆಯುವುದು ಇದನ್ನೇ. ಇವೆರಡೂ ಬಿಳಿಯೇ. ನಡುವಿನ ಅಂತರ ಬೂಸಾದ್ದಲ್ಲ, ಕಪಾಟಿನಲ್ಲಿ ಕಳೆದ ಗಂಟೆಯದು. ಹೋಲ್‌ಮೀಲಿನ ಹುರಿಯಾಳು ಮಗಳು ಮೂರನೇ ಹೋಳಿಗೆ ಕೈ ಹಾಕಿದಳು, ನಾನು ಏನೂ ಹೇಳಲಿಲ್ಲ. ಅಳತೆ ಬರೆದುಕೊಡಿ ಎಂದು ನಾನು ಕೇಳಿದ್ದಕ್ಕೆ ಒಡತಿ, “ನಿಮ್ಮೂರಿನ ಹಿಟ್ಟು ಎಷ್ಟು ನೀರು ಕುಡಿಯುತ್ತೋ ನನಗೇನು ಗೊತ್ತು ಲವ್? ಅದನ್ನೇ ಕೇಳಿ” ಎಂದರು.

ಸಂಜೆ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಚರ್ಚು, ಕೋಟೆ, ಗಾಳಿಗಿರಣಿ ಯಾವುದಕ್ಕೂ ಅವಳು ಹೂಂಗುಟ್ಟಿದ್ದು ಅಷ್ಟಕ್ಕಷ್ಟೇ. ಪರದೆ ಎಳೆದು ಹಿಟ್ಟು ಸೋಸಿದ ಕತೆಗೆ ಮಾತ್ರ ತಡೆದು ಕೇಳಿದಳು.

“ಬೂಸಾನ ಏನು ಮಾಡಿದ್ಲಂತೆ?”

“ಕೋಳಿಗೆ ಹಾಕಿದ್ಲಂತೆ ಕಣವ್ವ. ಹಿಟ್ಟು ದಂಡ ಮಾಡಿದ್ರೆ ಪೊಲೀಸರು ಹಿಡೀತಿದ್ರಂತೆ, ಅದಕ್ಕೇ ಗುಟ್ಟಾಗಿ.”

“ಕೋಳಿಗೆ ಹಾಕಿದ್ಮೇಲೆ ಯಾವ ದಂಡ?” ಎಂದಳು ಅವ್ವ. “ಮೊಟ್ಟೆ ಇಕ್ಕಿರ್ತಾವೆ.”